ಖಾಲಿ ಮನೆ ತುಂಬಬೇಕು, ತುಂಬಿದ ಮನೆ ಉಳಿಯಬೇಕು: ಪ್ರಾಪರ್ಟಿ ಮ್ಯಾನೇಜರ್‌ಗಳಿಗೆ ಸೋಷಿಯಲ್ ಮೀಡಿಯಾ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಗೇಟಿಗೆ ನೇತುಹಾಕಿದ ಟು-ಲೆಟ್ ಬೋರ್ಡನ್ನು ಜನ ಈಗಲೂ ನೋಡುತ್ತಾರೆ. ಆದರೆ ನೋಡಿದ ತಕ್ಷಣ ಫೋನ್ ಮಾಡುವವರು ಕಮ್ಮಿ. ಬೋರ್ಡಿನ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಮನೆಗೆ ಹೋಗಿ ಆ ನಂಬರನ್ನು ವಾಟ್ಸಾಪ್‌ನಲ್ಲಿ ತೆರೆದು, ಹೆಸರು ಇದೆಯಾ, ಮುಖ ಇದೆಯಾ ಅಂತ ನೋಡುತ್ತಾರೆ. ಗೂಗಲ್ ಮ್ಯಾಪ್‌ನಲ್ಲಿ ರಿವ್ಯೂ ಓದುತ್ತಾರೆ. ನಾವು ಒಂದು ಮಾತೂ ಆಡುವ ಮೊದಲೇ ನಮ್ಮ ಬಗ್ಗೆ ಅರ್ಧ ತೀರ್ಮಾನ ಆಗಿಹೋಗಿರುತ್ತದೆ.

ಬೇರೆಯವರ ಮನೆಗಳನ್ನು ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವುದು ನನ್ನ ಕೆಲಸ. ಈ ಕೆಲಸದಲ್ಲಿ ಸೋಷಿಯಲ್ ಮೀಡಿಯಾ ಇರುವುದು ಲೈಕ್ ಗಳಿಸುವುದಕ್ಕಲ್ಲ. ಜನ ಹೇಗಿದ್ದರೂ ಕೇಳುವ ಪ್ರಶ್ನೆಗೆ ಅವರು ಕೇಳುವ ಮುಂಚೆಯೇ ನಿಜ ಹೇಳಿಬಿಡುವುದಕ್ಕೆ. ನೀರು ಹೇಗೆ, ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ಹಿಡಿಯುತ್ತೀರಿ, ಏನಾದರೂ ಕೆಟ್ಟರೆ ಯಾರಿಗೆ ಹೇಳಬೇಕು. ಇದನ್ನು ಬಹಿರಂಗವಾಗಿ, ಸರಿಯಾಗಿ ಹೇಳುವ ಮ್ಯಾನೇಜರ್‌ಗೆ ಫೋನ್ ಕಮ್ಮಿ ಬರುತ್ತದೆ, ಬಂದವರು ಮಾತ್ರ ನಿಜವಾಗಿ ಮನೆ ಬೇಕಾದವರೇ ಆಗಿರುತ್ತಾರೆ. ಕೆಳಗಿನ ಹಂತಗಳು ಬೆಂಗಳೂರಿನ ಬಾಡಿಗೆ ಮನೆ, ಸಣ್ಣ ಅಪಾರ್ಟ್‌ಮೆಂಟ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಕೆಲಸ ಮಾಡುವವರು ಬಾಡಿಗೆಯ ಅಂಕಿ ಬದಲಿಸಿಕೊಂಡರೆ ಸಾಕು.

ಹಂತ 1: ಯಾರಿಗೆ ಮಾತಾಡುತ್ತಿದ್ದೀರಿ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ನಮಗೆ ಮೂರು ಥರದ ಜನ ಇದ್ದಾರೆ. ಈಗಾಗಲೇ ಮನೆಯಲ್ಲಿರುವ ಬಾಡಿಗೆದಾರರು, ಮನೆ ಹುಡುಕುತ್ತಿರುವವರು, ಮತ್ತು ಮನೆ ಮಾಲೀಕರು. ಮಾಲೀಕರು ಪಕ್ಕದ ಬೀದಿಯಲ್ಲೂ ಇರಬಹುದು, ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರಬಹುದು. ಮೂವರಿಗೂ ಒಂದೇ ಜಾಗದಲ್ಲಿ ಒಂದೇ ಪೋಸ್ಟ್ ಹಾಕಿದರೆ ಯಾರಿಗೂ ಉಪಯೋಗ ಇಲ್ಲ. ಬಾಡಿಗೆದಾರರಿಗೆ ವಾಟ್ಸಾಪ್. ಹುಡುಕುವವರಿಗೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಗುಂಪುಗಳು, ಗೂಗಲ್. ಮಾಲೀಕರಿಗೆ ಖಾಸಗಿ ಮೆಸೇಜ್, ಜೊತೆಗೆ ಹೊಸ ಮಾಲೀಕರು ನಿಮ್ಮನ್ನು ಹುಡುಕಿಕೊಂಡು ಬರಲಿ ಅಂತ ಒಂದು ಯೂಟ್ಯೂಬ್ ಚಾನೆಲ್.

ಎಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ. ವಾಟ್ಸಾಪ್ ಮತ್ತು ಗೂಗಲ್ ಮೊದಲು. ಅವೆರಡೂ ಸರಿಯಾಗಿ ನಡೆಯುತ್ತಿದ್ದರೆ ಮಾತ್ರ ಇನ್‌ಸ್ಟಾಗ್ರಾಂ. ಆರು ತಿಂಗಳಿಂದ ಒಂದೂ ಪೋಸ್ಟ್ ಇಲ್ಲದ ಪೇಜ್ ನೋಡಿದರೆ ಈ ಆಫೀಸ್ ಮುಚ್ಚಿಹೋಗಿದೆ ಅಂತಲೇ ಜನ ಅಂದುಕೊಳ್ಳುತ್ತಾರೆ.

ಹಂತ 2: ಕೆಲಸಕ್ಕೆ ಬೇರೆ ನಂಬರ್, ವಾಟ್ಸಾಪ್ ಬಿಸಿನೆಸ್

ಮನೆಯವರ ಫೋಟೊ ಇರುವ ನಿಮ್ಮ ಸ್ವಂತ ನಂಬರಿನಲ್ಲಿ ಈ ಕೆಲಸ ಬೇಡ. ಇನ್ನೊಂದು ಸಿಮ್ ತಗೊಂಡು ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿ. ಅದು ಉಚಿತ. ಪ್ರೊಫೈಲ್‌ನಲ್ಲಿ ಆಫೀಸಿನ ಹೆಸರು, ವಿಳಾಸ, ಕೆಲಸದ ಸಮಯ, ನೋಡಿಕೊಳ್ಳುವ ಏರಿಯಾಗಳನ್ನು ಬರೆಯಿರಿ.

ಅದರಲ್ಲಿ ಮೂರು ಸೌಲಭ್ಯ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಮೊದಲನೆಯದು ಕ್ಯಾಟಲಾಗ್: ಪ್ರತಿ ಖಾಲಿ ಮನೆಗೂ ಒಂದು ಎಂಟ್ರಿ ಮಾಡಿ ಫೋಟೊ, ಬಾಡಿಗೆ, ವಿವರ ಹಾಕಿಟ್ಟರೆ, ಯಾರು ಕೇಳಿದರೂ ಒಂದೇ ಲಿಂಕ್ ಕಳಿಸಬಹುದು. ಎರಡನೆಯದು ಕ್ವಿಕ್ ರಿಪ್ಲೈ: ದಿನಕ್ಕೆ ಹತ್ತು ಸಲ ಟೈಪ್ ಮಾಡುವ ಉತ್ತರವನ್ನು ಒಂದು ಸಲ ಬರೆದಿಟ್ಟು, ಸ್ಲ್ಯಾಶ್ ಒತ್ತಿ ಕರೆದುಕೊಳ್ಳಬಹುದು. ಮನೆಗೆ ಬರುವ ದಾರಿ, ಅಗ್ರಿಮೆಂಟಿಗೆ ಬೇಕಾದ ಕಾಗದಗಳು, ಬಾಡಿಗೆ ಕಟ್ಟುವ ಖಾತೆಯ ವಿವರ ಎಲ್ಲ ಇಲ್ಲಿರಲಿ. ಮೂರನೆಯದು ಲೇಬಲ್. ‘ಮನೆ ನೋಡಿದರು’, ‘ಟೋಕನ್ ಕೊಟ್ಟರು’, ‘ರಿಪೇರಿ ಬಾಕಿ’, ‘ನೋಟಿಸ್ ಕೊಟ್ಟಿದ್ದಾರೆ’ ಅಂತ ಬಣ್ಣದ ಲೇಬಲ್ ಹಾಕಿಟ್ಟರೆ ಯಾರ ವಿಷಯವೂ ತಪ್ಪಿಹೋಗುವುದಿಲ್ಲ.

ಬ್ರಾಡ್‌ಕಾಸ್ಟ್ ಲಿಸ್ಟ್ ಬಗ್ಗೆ ಒಂದು ಮಾತು. ಅದು ತಲುಪುವುದು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ. ಹಾಗಾಗಿ ಬೀಗದ ಕೈ ಕೊಡುವ ದಿನವೇ ‘ನಂಬರ್ ಸೇವ್ ಮಾಡಿಕೊಳ್ಳಿ ಸರ್’, ‘ಸೇವ್ ಮಾಡಿಕೊಳ್ಳಿ ಮೇಡಂ’ ಅಂತ ಹೇಳಿ, ಎದುರಿಗೇ ಮಾಡಿಸಿ.

ಹಂತ 3: ಇರುವ ಬಾಡಿಗೆದಾರರ ಗುಂಪು

ಎಲ್ಲರೂ ಹೊಸ ಬಾಡಿಗೆದಾರರನ್ನು ಹುಡುಕುವುದರಿಂದ ಶುರು ಮಾಡುತ್ತಾರೆ. ನಾನು ಇದನ್ನು ಮುಂದಿಟ್ಟಿದ್ದೇನೆ, ಯಾಕೆಂದರೆ ಇರುವವರು ಖುಷಿಯಾಗಿದ್ದರೆ ಮನೆ ಖಾಲಿಯಾಗುವುದೇ ಅಪರೂಪ. ಖಾಲಿಯಾದರೂ ಅವರೇ ತಮ್ಮ ಆಫೀಸಿನವರನ್ನೋ ಊರಿನವರನ್ನೋ ಕರೆತರುತ್ತಾರೆ.

ಒಂದು ಕಟ್ಟಡಕ್ಕೆ ಎರಡು ಗುಂಪು ಇರಲಿ. ಒಂದು ಬರೀ ಸೂಚನೆಗೆ, ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ. ಇನ್ನೊಂದು ಮಾತುಕತೆಗೆ. ನೀರು ನಿಲ್ಲುವ ಸುದ್ದಿ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗಬಾರದು, ಅಲ್ವಾ? ಹಲವು ಕಟ್ಟಡ ನೋಡಿಕೊಳ್ಳುವವರು ವಾಟ್ಸಾಪ್ ಕಮ್ಯುನಿಟಿ ಮಾಡಿ, ಎಲ್ಲ ಗುಂಪುಗಳನ್ನೂ ಅದರೊಳಗೆ ತರಬಹುದು.

ಸೂಚನೆ ಬರೆಯುವುದರಲ್ಲೇ ಅರ್ಧ ಕೆಲಸ ಇದೆ. ‘ಮೋಟರ್ ಕೆಟ್ಟಿದೆ, ಸಹಕರಿಸಿ’ ಅಂತ ಹಾಕಿದರೆ ಮುಂದಿನ ಹತ್ತು ನಿಮಿಷದಲ್ಲಿ ಇಪ್ಪತ್ತು ಪ್ರಶ್ನೆ ಬರುತ್ತವೆ. ಅದರ ಬದಲು ಹೀಗೆ ಬರೆಯಿರಿ:

‘ಬೆಳಿಗ್ಗೆ 7:10. ಸಂಪ್ ಮೋಟರ್ ಕೆಟ್ಟಿದೆ. ಮೆಕ್ಯಾನಿಕ್ 9 ಗಂಟೆಗೆ ಬರುತ್ತಾರೆ. ಮೇಲಿನ ಟ್ಯಾಂಕಿನಲ್ಲಿ ಅರ್ಧ ನೀರಿದೆ, ಸ್ನಾನ ಅಡುಗೆಗೆ ತೊಂದರೆ ಇಲ್ಲ. ವಾಷಿಂಗ್ ಮಷೀನ್ ಮಾತ್ರ ಸದ್ಯಕ್ಕೆ ಹಾಕಬೇಡಿ. ಮುಂದಿನ ಮೆಸೇಜ್ 9:30ಕ್ಕೆ.’

ಏನಾಯ್ತು, ಯಾವಾಗ ಸರಿಹೋಗುತ್ತದೆ, ಅಲ್ಲಿಯವರೆಗೆ ಏನು ಮಾಡಬೇಕು, ಮತ್ತೆ ಯಾವಾಗ ತಿಳಿಸುತ್ತೀರಿ. ಈ ನಾಲ್ಕೂ ಇದ್ದರೆ ಜನ ಸುಮ್ಮನಾಗುತ್ತಾರೆ. ಮುಖ್ಯವಾದದ್ದು ಕೊನೆಯದು. ಮೆಕ್ಯಾನಿಕ್ ಬರದಿದ್ದರೂ 9:30ಕ್ಕೆ ಮೆಸೇಜ್ ಹೋಗಲೇಬೇಕು. ‘ಮೆಕ್ಯಾನಿಕ್ ಇನ್ನೂ ಬಂದಿಲ್ಲ, ಇನ್ನೊಬ್ಬರಿಗೆ ಹೇಳಿದ್ದೇನೆ’ ಅನ್ನುವುದೂ ಸುದ್ದಿಯೇ. ಕೆಲಸ ಮುಗಿದ ಮೇಲೆ ಹೊಸ ಸ್ಟಾರ್ಟರ್‌ದೋ ಬೇರಿಂಗ್‌ದೋ ಒಂದು ಫೋಟೊ ಹಾಕಿ. ಮೇಂಟೆನೆನ್ಸ್ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಗುಂಪಿನಲ್ಲಿ ಕಡ್ಡಾಯವಾಗಿ ಮಾಡಬಾರದ ಕೆಲಸ ಒಂದಿದೆ. ಬಾಡಿಗೆ ಬಾಕಿ ಇರುವವರ ಹೆಸರು ಅಥವಾ ಫ್ಲ್ಯಾಟ್ ನಂಬರನ್ನು ಎಲ್ಲರೆದುರು ಹಾಕುವುದು. ಒಬ್ಬರ ಕಷ್ಟವನ್ನು ಇಡೀ ಕಟ್ಟಡಕ್ಕೆ ಸಾರುವ ಹಕ್ಕು ನಮಗಿಲ್ಲ. ದುಡ್ಡಿನ ಮಾತು ಯಾವತ್ತೂ ಒಬ್ಬರ ಜೊತೆ, ಸಾಧ್ಯವಾದರೆ ಫೋನಿನಲ್ಲಿ. ಕಸ ಬೇರೆ ಮಾಡದೆ ಇಟ್ಟವರ ವಿಷಯವೂ ಅಷ್ಟೇ. ಬಾಗಿಲ ಮುಂದಿನ ಕಸದ ಫೋಟೊ ಗುಂಪಿಗೆ ಹಾಕುವುದಕ್ಕಿಂತ, ಹಸಿ ಕಸ, ಒಣ ಕಸ, ಡೈಪರ್-ಪ್ಯಾಡ್‌ನಂಥ ಸ್ಯಾನಿಟರಿ ಕಸ ಯಾವ ಬಕೆಟ್ಟಿಗೆ, ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಒಂದು ಚಿತ್ರ ಮಾಡಿ ಪಿನ್ ಮಾಡಿ.

ಬಾಡಿಗೆದಾರರಿಗೆ ನಿಜವಾಗಿ ಬೇಕಾದ ಮಾಹಿತಿಯೂ ಇಲ್ಲಿ ಹೋಗಲಿ. ಉದಾಹರಣೆಗೆ ಗೃಹಜ್ಯೋತಿ. ಬಾಡಿಗೆದಾರರೂ ಅದರ ಫಲಾನುಭವಿಗಳೇ. ಆದರೆ ಮನೆ ಬದಲಿಸಿದಾಗ ಹಳೇ ಮನೆಯ ಮೀಟರಿನಿಂದ ಆಧಾರ್ ಡಿ-ಲಿಂಕ್ ಮಾಡಿಸಿ, ಹೊಸ ಮನೆಗೆ ಜೋಡಿಸಿಕೊಳ್ಳಬೇಕು. ಹೊಸದಾಗಿ ಬಂದವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಕರೆಂಟ್ ದೂರಿಗೆ ಬೆಸ್ಕಾಂನ 1912, ನೀರಿನ ದೂರಿಗೆ ಜಲಮಂಡಳಿಯ 1916 ಗುಂಪಿನ ವಿವರಣೆಯಲ್ಲೇ ಇರಲಿ. ಎಕ್ಸ್‌ನಲ್ಲಿ ಈ ಸಂಸ್ಥೆಗಳನ್ನು ಟ್ಯಾಗ್ ಮಾಡಿ ದೂರು ಕೊಡುವುದೂ ಒಂದು ದಾರಿ. ಏರಿಯಾ, ಅಡ್ಡರಸ್ತೆ, ಯಾವಾಗಿನಿಂದ ತೊಂದರೆ ಅಂತ ಬರೆಯಿರಿ. ಬಿಲ್ಲಿನ ಖಾತೆ ನಂಬರನ್ನು ಮಾತ್ರ ಡೈರೆಕ್ಟ್ ಮೆಸೇಜ್‌ನಲ್ಲಿ ಕೊಡಿ.

ಹಂತ 4: ಖಾಲಿ ಮನೆಯ ಜಾಹೀರಾತು

ಇಲ್ಲಿ ನಿಧಾನವಾಗಿ ಹೋಗೋಣ. ನಮ್ಮ ಊಟ ಇರುವುದು ಇಲ್ಲೇ.

ಫೋಟೊ ತೆಗೆಯುವ ಮುಂಚೆ ಮನೆ ಖಾಲಿಯಾಗಿ, ಗುಡಿಸಿ ಒರೆಸಿ ಆಗಿರಬೇಕು. ಹಳೇ ಬಾಡಿಗೆದಾರರು ಇನ್ನೂ ಇರುವಾಗಲೇ ತೆಗೆಯಬೇಕಾದರೆ ಕೇಳಿ, ಅವರು ಒಪ್ಪಿದ ಹೊತ್ತಿಗೆ ಹೋಗಿ. ದೇವರ ಕೋಣೆ, ಗೋಡೆ ಮೇಲಿನ ಮನೆಯವರ ಫೋಟೊ, ಮಕ್ಕಳು, ಬಾಗಿಲ ಮೇಲಿನ ಹೆಸರು ಯಾವುದೂ ಚಿತ್ರದಲ್ಲಿ ಬೀಳಬಾರದು.

ಬೆಳಗಿನ ಬೆಳಕಿನಲ್ಲಿ, ಕಿಟಕಿ ಎಲ್ಲ ತೆಗೆದು, ಲೈಟ್ ಹಾಕಿ ತೆಗೆಯಿರಿ. ಕ್ಯಾಮೆರಾದ ಗಾಜನ್ನು ಒರೆಸಿಕೊಳ್ಳಿ. ಫೋನನ್ನು ಎದೆಯ ಮಟ್ಟದಲ್ಲಿ ಅಡ್ಡ ಹಿಡಿದು ರೂಮಿನ ಮೂಲೆಯಿಂದ ತೆಗೆದರೆ ಗೋಡೆಗಳು ನೇರವಾಗಿ ಬರುತ್ತವೆ. ಫೋನಿನ ವೈಡ್ ಲೆನ್ಸ್ ಬಳಸಬೇಡಿ. ಹತ್ತಡಿ ರೂಮು ಅದರಲ್ಲಿ ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ. ನೋಡಲು ಬಂದವರು ಬಾಗಿಲಲ್ಲೇ ನಿರಾಸೆಯಾಗಿ, ಆಮೇಲೆ ನೀವು ಹೇಳುವ ಬೇರೆ ಯಾವುದನ್ನೂ ನಂಬುವುದಿಲ್ಲ. ಫೋಟೊ ಜೊತೆ ಅಡಿ ಲೆಕ್ಕ ಬರೆಯಿರಿ.

ಎಲ್ಲರೂ ಹಾಲ್, ಬೆಡ್‌ರೂಮ್ ಹಾಕುತ್ತಾರೆ. ಜನ ನೋಡಲು ಬಯಸುವುದು ಬೇರೆಯದು. ಅಡುಗೆಮನೆಯ ಕಟ್ಟೆ, ಸಿಂಕ್ ಕೆಳಗಿನ ಜಾಗ, ಯುಟಿಲಿಟಿಯಲ್ಲಿ ವಾಷಿಂಗ್ ಮಷೀನ್ ಪಾಯಿಂಟ್, ಬಚ್ಚಲಮನೆಯ ಗೀಸರ್, ಸೋಲಾರ್ ಇದ್ದರೆ ಅದರ ನಲ್ಲಿ, ಬಟ್ಟೆ ಒಣಹಾಕುವ ತಾರಸಿ, ಬೈಕ್ ನಿಲ್ಲಿಸುವ ಜಾಗ, ಮನೆ ಮುಂದಿನ ರಸ್ತೆ. ಮಳೆಗಾಲದ ನಂತರ ಗೋಡೆಯಲ್ಲಿ ತೇವದ ಕಲೆ ಇದ್ದರೆ ಅದನ್ನೂ ಹಾಕಿ, ‘ಬರುವ ಮುಂಚೆ ವಾಟರ್‌ಪ್ರೂಫಿಂಗ್, ಪೇಂಟ್ ಆಗುತ್ತದೆ’ ಅಂತ ಬರೆಯಿರಿ. ಬರೆದ ಮೇಲೆ ಮಾಡಿಸಿ.

ಇನ್ನು ಬರಹ. ಒಂದು ಮಾದರಿ ಕೊಡುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ.

‘ವಿಜಯನಗರ, ಮೆಟ್ರೊಗೆ ನಡೆದು 10 ನಿಮಿಷ. 2 ಬಿಎಚ್‌ಕೆ, 2ನೇ ಮಹಡಿ, ಲಿಫ್ಟ್ ಇಲ್ಲ. ಬೆಡ್‌ರೂಮ್ 10×12 ಮತ್ತು 10×10. ಬಾಗಿಲು ಪೂರ್ವಕ್ಕೆ. ಬಾಡಿಗೆ 24,000. ಮೇಂಟೆನೆನ್ಸ್ 1,500, ನೀರು ಮತ್ತು ಕಾಮನ್ ಲೈಟ್ ಸೇರಿ. ಅಡ್ವಾನ್ಸ್ 1,20,000. ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಬೋರ್‌ವೆಲ್ ಇದೆ. ಕರೆಂಟ್ ಮೀಟರ್ ಪ್ರತ್ಯೇಕ. ಎರಡು ಬೈಕ್ ನಿಲ್ಲಿಸಬಹುದು, ಕಾರಿಗೆ ಜಾಗ ಇಲ್ಲ. 11 ತಿಂಗಳ ಅಗ್ರಿಮೆಂಟ್, ಎರಡೂ ಕಡೆಗೆ 2 ತಿಂಗಳ ನೋಟಿಸ್. ನೋಡಲು ಸಂಜೆ 5ರಿಂದ 7. ಮನೆ ತೋರಿಸಲು ದುಡ್ಡು ತಗೊಳ್ಳುವುದಿಲ್ಲ.’

ಇದರಲ್ಲಿ ‘ಲಿಫ್ಟ್ ಇಲ್ಲ’, ‘ಕಾರಿಗೆ ಜಾಗ ಇಲ್ಲ’ ಅನ್ನುವ ಮಾತುಗಳೇ ಹೆಚ್ಚು ಕೆಲಸ ಮಾಡುತ್ತವೆ. ವಯಸ್ಸಾದ ತಂದೆ ತಾಯಿ ಇರುವವರು, ಕಾರಿರುವವರು ಸುಮ್ನೆ ಬಂದು ಹೋಗುವುದು ತಪ್ಪುತ್ತದೆ. ಅವರ ಸಮಯವೂ ಉಳಿಯಿತು, ನಿಮ್ಮದೂ.

ನೀರಿನ ಸಾಲನ್ನು ಯಾವತ್ತೂ ಬಿಡಬೇಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಅಭಾವ ಎಷ್ಟು ಬಿಸಿ ಮುಟ್ಟಿಸಿತು ಅಂದರೆ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಆಮೇಲಿಂದ ಬಾಡಿಗೆ ಎಷ್ಟು ಅನ್ನುವ ಮುಂಚೆ ನೀರು ಹೇಗೆ ಅಂತ ಕೇಳುವವರು ಜಾಸ್ತಿ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ ಶುರುವಾದ ಮೇಲೆ, ನಗರದ ಅಂಚಿನ 110 ಹಳ್ಳಿಗಳ ಕಡೆ ಕೇಳುವ ಪ್ರಶ್ನೆ ‘ನಿಮ್ಮ ಬಿಲ್ಡಿಂಗ್‌ಗೆ ಕನೆಕ್ಷನ್ ಆಗಿದೆಯಾ’ ಅಂತ. ಆಗಿದ್ದರೆ ಆಗಿದೆ ಅನ್ನಿ. ಇನ್ನೂ ಟ್ಯಾಂಕರ್ ಮೇಲೆ ನಡೆಯುತ್ತಿದ್ದರೆ, ಬೇಸಿಗೆಯಲ್ಲಿ ತಿಂಗಳಿಗೆ ಸುಮಾರು ಎಷ್ಟು ಖರ್ಚು ಬರುತ್ತದೆ, ಅದನ್ನು ಯಾರು ಕೊಡಬೇಕು ಅಂತ ಬರೆಯಿರಿ.

ಅಡ್ವಾನ್ಸ್ ವಿಷಯದಲ್ಲಿ ಕಾಮೆಂಟ್ ಬಂದೇ ಬರುತ್ತದೆ. ಬೆಂಗಳೂರಿನಲ್ಲಿ ಒಂದು ಕಾಲಕ್ಕೆ 10 ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವುದು ರೂಢಿಯಾಗಿತ್ತು. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ 2 ತಿಂಗಳ ಮಿತಿ ಇದೆ. ಅದು ಮಾದರಿ, ರಾಜ್ಯಗಳು ತಮ್ಮ ಕಾನೂನಿಗೆ ತಂದುಕೊಂಡರೆ ಮಾತ್ರ ಜಾರಿ. ಇದನ್ನು ಕಾಮೆಂಟಿನಲ್ಲಿ ಯಾರಾದರೂ ಎತ್ತಿದರೆ ಜಗಳಕ್ಕೆ ಹೋಗಬೇಡಿ, ಇಷ್ಟನ್ನೇ ಸಮಾಧಾನವಾಗಿ ಹೇಳಿ. ಮಾಲೀಕರಿಗೂ ಒಂದು ಮಾತು ಹೇಳಿ: ಅಡ್ವಾನ್ಸ್ ಇಳಿಸಿದರೆ ಮನೆ ಬೇಗ ಹೋಗುತ್ತದೆ. ಒಂದು ತಿಂಗಳು ಖಾಲಿ ಬಿದ್ದ ಮನೆಯ ನಷ್ಟವನ್ನು ಯಾವ ಅಡ್ವಾನ್ಸೂ ತುಂಬಿಕೊಡುವುದಿಲ್ಲ.

ಇನ್ನೊಂದು ವಿಷಯ ನನಗೆ ತುಂಬ ಮುಖ್ಯ. ಜಾಹೀರಾತಿನಲ್ಲಿ ಮನೆ ಹೇಗಿದೆ ಅಂತ ಬರೆಯಿರಿ. ಬರುವವರ ಜಾತಿ, ಧರ್ಮ, ಊರು, ಮದುವೆ ಬಗ್ಗೆ ಬರೆಯಬೇಡಿ. ಮಾಲೀಕರು ಹಾಕಿ ಅಂದರೂ ನಿಮ್ಮ ಪೇಜಿನಲ್ಲಿ ಹಾಕಬೇಡಿ. ಬಾಡಿಗೆ ಸರಿಯಾಗಿ ಕೊಡುತ್ತಾರಾ, ಅಕ್ಕಪಕ್ಕದವರಿಗೆ ತೊಂದರೆ ಕೊಡದೆ ಇರುತ್ತಾರಾ ಅನ್ನುವುದಕ್ಕೂ ಹೆಸರಿನ ಹಿಂದಿನ ಅಡ್ಡಹೆಸರಿಗೂ ಸಂಬಂಧ ಇಲ್ಲ. ಕೆಲಸದ ಪುರಾವೆ, ಹಿಂದಿನ ಮಾಲೀಕರ ಜೊತೆ ಒಂದು ಮಾತು, ಪೊಲೀಸ್ ವೆರಿಫಿಕೇಶನ್. ಅಷ್ಟು ಸಾಕು.

ಹಂತ 5: ವಿಡಿಯೊ

ಮನೆ ಹುಡುಕುವವರಲ್ಲಿ ಚಿಕ್ಕ ವಯಸ್ಸಿನವರು ಹೆಚ್ಚಾಗಿ ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲೇ ನೋಡುತ್ತಾರೆ. ಒಂದು ನಿಮಿಷ ಸಾಕು, ಫೋನ್ ನೆಟ್ಟಗೆ ಹಿಡಿದು. ಮುಖ್ಯರಸ್ತೆಯ ತಿರುವಿನಿಂದ ಶುರು ಮಾಡಿ, ಗೇಟು, ಮೆಟ್ಟಿಲು, ಬಾಗಿಲು, ಹಾಲ್ ಅಂತ ನಡೆದುಕೊಂಡು ಹೋಗಿ. ಅಡುಗೆಮನೆಯ ನಲ್ಲಿ ತಿರುಗಿಸಿ ನೀರಿನ ರಭಸ ತೋರಿಸಿ. ಕಿಟಕಿ ತೆಗೆದು ಎರಡು ಕ್ಷಣ ಸುಮ್ಮನಿರಿ, ಟ್ರಾಫಿಕ್ ಶಬ್ದ ಎಷ್ಟಿದೆ ಅಂತ ಕೇಳಿಸಲಿ. ಬೆಡ್‌ರೂಮಿನಲ್ಲಿ ಫೋನಿನ ಸಿಗ್ನಲ್ ಹೇಗಿದೆ ಅಂತ ಹೇಳಿ, ಮನೆಯಿಂದ ಕೆಲಸ ಮಾಡುವವರಿಗೆ ಅದು ಬೇಕು.

ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳು ಹೆಚ್ಚಾಗಿ ಸಿಗುವುದಿಲ್ಲ. ಹಾಡು ಬೇಕಾಗಿಯೂ ಇಲ್ಲ. ನಿಮ್ಮ ದನಿಯಲ್ಲೇ, ನಿಮ್ಮ ಕನ್ನಡದಲ್ಲೇ ಮಾತಾಡಿ. ಬೇರೆ ರಾಜ್ಯದಿಂದ ಬಂದವರಿಗೆ ಪರದೆ ಮೇಲೆ ಇಂಗ್ಲಿಷ್ ಬರಹ ಹಾಕಿದರೆ ಆಯಿತು. ಮೊದಲ ಸಾಲಿನಲ್ಲೇ ಏರಿಯಾ ಮತ್ತು ಬಾಡಿಗೆ ಬರಬೇಕು. ‘ಬಾಡಿಗೆಗೆ ಮೆಸೇಜ್ ಮಾಡಿ’ ಅಂತ ಬರೆಯುವ ಅಭ್ಯಾಸ ಬಿಡಿ, ಬೆಲೆ ಮುಚ್ಚಿಟ್ಟರೆ ಜನಕ್ಕೆ ಅನುಮಾನ ಬರುತ್ತದೆ. ಲೊಕೇಶನ್ ಟ್ಯಾಗಿಗೆ ‘ಬೆಂಗಳೂರು’ ಅಂತ ಹಾಕಿದರೆ ಪ್ರಯೋಜನವಿಲ್ಲ. ಬಡಾವಣೆಯ ಹೆಸರು ಹಾಕಿ, ಮೆಟ್ರೊ ನಿಲ್ದಾಣದ ಹೆಸರು ಇನ್ನೂ ಒಳ್ಳೆಯದು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರಿಗೆ ಜಯನಗರದ ಕಡೆಯ ಮನೆಯೂ ದೂರ ಅನ್ನಿಸುವುದಿಲ್ಲ. ಆ ದಾರಿಯ ಮನೆಗಳಿಗೆ ನಿಲ್ದಾಣದಿಂದ ಮನೆವರೆಗೆ ನಡೆದು ತೋರಿಸುವ ವಿಡಿಯೊ ಮಾಡಿ.

ಫೇಸ್‌ಬುಕ್‌ನಲ್ಲಿ ಏರಿಯಾವಾರು ಬಾಡಿಗೆ ಗುಂಪುಗಳು ಬೇಕಾದಷ್ಟಿವೆ. ಸೇರುವ ಮುಂಚೆ ನಿಯಮ ಓದಿ. ಕೆಲವು ಗುಂಪುಗಳು ಬ್ರೋಕರ್, ಮ್ಯಾನೇಜರ್ ಪೋಸ್ಟ್‌ಗಳನ್ನು ಬಿಡುವುದಿಲ್ಲ. ಅಲ್ಲಿ ಮಾಲೀಕರ ವೇಷ ಹಾಕಬೇಡಿ. ಬಿಡುವ ಕಡೆ ‘ನಾನು ಮ್ಯಾನೇಜರ್, ನನ್ನ ಚಾರ್ಜ್ ಇಷ್ಟು’ ಅಂತ ಮೊದಲೇ ಹೇಳಿ. ಒಂದೇ ಬರಹವನ್ನು ಹತ್ತಾರು ಗುಂಪಿಗೆ ಒಟ್ಟಿಗೆ ಅಂಟಿಸಿದರೆ ಫೇಸ್‌ಬುಕ್ ಅದನ್ನು ಸ್ಪ್ಯಾಮ್ ಅಂತ ಹಿಡಿಯಬಹುದು.

ಹಂತ 6: ಯಾವಾಗ ಹಾಕಬೇಕು

ಮನೆ ಬದಲಿಸುವವರಿಗೆ ಒಂದು ಕಾಲ ಇದೆ. ಶಾಲೆಗಳು ಮೇ ಕೊನೆ, ಜೂನ್ ಹೊತ್ತಿಗೆ ಶುರುವಾಗುವುದರಿಂದ ಮಕ್ಕಳಿರುವವರು ಏಪ್ರಿಲ್, ಮೇನಲ್ಲಿ ಹುಡುಕುತ್ತಾರೆ. ಆಷಾಢದಲ್ಲಿ ಎಷ್ಟೋ ಜನ ಹೊಸ ಮನೆಗೆ ಹೋಗುವುದಿಲ್ಲ, ಪಿತೃಪಕ್ಷದಲ್ಲೂ ಹಾಗೇ. ಆದರೆ ಆಷಾಢದಲ್ಲಿ ನೋಡಿ, ಶ್ರಾವಣದಲ್ಲಿ ಹಾಲು ಉಕ್ಕಿಸುವವರು ಇದ್ದಾರೆ. ಹಾಗಾಗಿ ಆಷಾಢದಲ್ಲಿ ಪೋಸ್ಟ್ ನಿಲ್ಲಿಸಬೇಡಿ. ‘ಈಗ ನೋಡಿ ಟೋಕನ್ ಕೊಟ್ಟರೆ ಶ್ರಾವಣಕ್ಕೆ ಬರಬಹುದು, ಬಾಡಿಗೆ ಬಂದ ದಿನದಿಂದ’ ಅಂತ ಮಾಲೀಕರನ್ನು ಒಪ್ಪಿಸಿ ಹಾಕಿ. ಇದು ಕೆಲಸ ಮಾಡುತ್ತದೆ.

ನೋಟಿಸ್ ಬಂದ ದಿನವೇ ಮನೆ ಖಾಲಿಯಾಗುವ ತಾರೀಖು ಹಾಕಿ ಪೋಸ್ಟ್ ಮಾಡಿ. ಖಾಲಿಯಾದ ಮೇಲೆ ಶುರು ಮಾಡಿದರೆ ಒಂದು ತಿಂಗಳ ಬಾಡಿಗೆ ಹೋದ ಹಾಗೇ.

ಖಾಲಿ ಮನೆಯೇ ಇಲ್ಲದ ವಾರಗಳಲ್ಲಿ ಕೆಲಸಕ್ಕೆ ಬರುವ ಮಾಹಿತಿ ಕೊಡಿ. ಅಗ್ರಿಮೆಂಟ್ ಯಾಕೆ 11 ತಿಂಗಳಿಗೆ ಮಾಡುತ್ತಾರೆ ಅಂತ ಒಂದು ರೀಲ್ ಮಾಡಬಹುದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಲೇಬೇಕು, ಅದಕ್ಕೆ. ಮನೆಗೆ ಬಂದ ದಿನ ಮೀಟರ್ ರೀಡಿಂಗ್, ಗೋಡೆ, ನಲ್ಲಿ, ಫ್ಯಾನ್ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ ಅಂತ ಬಾಡಿಗೆದಾರರಿಗೆ ಹೇಳುವ ಇನ್ನೊಂದು ರೀಲ್. ಬಾಡಿಗೆದಾರರ ಪರವಾಗಿ ಮ್ಯಾನೇಜರ್ ಮಾತಾಡಿದಾಗ ಜನ ಆ ಪೇಜನ್ನು ನೆನಪಿಟ್ಟುಕೊಳ್ಳುತ್ತಾರೆ.

ಹಂತ 7: ಗೂಗಲ್ ಪ್ರೊಫೈಲ್, ರಿವ್ಯೂ, ಬೈಗುಳ

ಗೂಗಲ್ ಬಿಸಿನೆಸ್ ಪ್ರೊಫೈಲ್ ನಿಮ್ಮ ಆಫೀಸಿಗೆ ಮಾಡಿಸಿ. ಒಂದೊಂದು ಖಾಲಿ ಮನೆಗೂ ಒಂದೊಂದು ಪ್ರೊಫೈಲ್ ಮಾಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ರಿವ್ಯೂ ಕೇಳುವುದು ತಪ್ಪಲ್ಲ, ಅದಕ್ಕೆ ದುಡ್ಡೋ ಬಾಡಿಗೆ ರಿಯಾಯಿತಿಯೋ ಕೊಡುವುದು ತಪ್ಪು. ಕೇಳಲು ಒಳ್ಳೆಯ ಹೊತ್ತು ಎರಡು: ರಿಪೇರಿ ಬೇಗ ಮುಗಿದ ದಿನ, ಮತ್ತು ಅಡ್ವಾನ್ಸ್ ಪೂರ್ತಿ ಲೆಕ್ಕ ಕೊಟ್ಟು ವಾಪಸ್ ಮಾಡಿದ ದಿನ. ಮನೆ ಬಿಟ್ಟುಹೋದವರು ಬರೆದ ಒಳ್ಳೆಯ ಮಾತಿಗೆ ಹೊಸಬರು ಕೊಡುವ ಬೆಲೆಯೇ ಬೇರೆ.

ಒಂದು ಸ್ಟಾರ್ ಬಂದಾಗ ತಕ್ಷಣ ಉತ್ತರ ಬರೆಯಬೇಡಿ. ಮೊದಲು ಕಡತ ತೆಗೆದು ಏನಾಗಿತ್ತು ನೋಡಿ. ಆಮೇಲೆ ಹೀಗೆ ಬರೆಯಬಹುದು:

‘ನಮಸ್ಕಾರ. ಅಡ್ವಾನ್ಸ್ ತಡವಾಗಿ ಬಂತು ಅಂತ ಬರೆದಿದ್ದೀರಿ. ಮನೆ ಬಿಟ್ಟ ಮೇಲೆ ಹಾಗೆ ಕಾಯುವುದು ಕಷ್ಟ, ಗೊತ್ತು. ಲೆಕ್ಕದ ಪ್ರತಿಯನ್ನು ಇವತ್ತು ನಿಮ್ಮ ವಾಟ್ಸಾಪಿಗೆ ಕಳಿಸಿದ್ದೇವೆ. ಅದರಲ್ಲಿ ಒಪ್ಪದ ಸಾಲು ಇದ್ದರೆ ಆಫೀಸಿಗೆ ಬನ್ನಿ, ಎದುರಿಗೇ ಕೂತು ನೋಡೋಣ.’

ಎಷ್ಟು ದುಡ್ಡು, ಯಾವ ಫ್ಲ್ಯಾಟ್, ಅವರು ಬಾಡಿಗೆ ಎಷ್ಟು ತಿಂಗಳು ತಡ ಮಾಡಿದ್ದರು ಇದ್ಯಾವುದೂ ಅಲ್ಲಿ ಬೇಡ, ಸತ್ಯವಾದರೂ ಬೇಡ. ಈ ಉತ್ತರವನ್ನು ಓದುವವರು ಮುಂದಿನ ಬಾಡಿಗೆದಾರರು. ನಾಳೆ ತಮ್ಮ ಜೊತೆ ಜಗಳವಾದರೆ ನೀವು ಹೇಗೆ ಮಾತಾಡುತ್ತೀರಿ ಅಂತ ಅವರು ನೋಡುತ್ತಿರುತ್ತಾರೆ. ತಪ್ಪು ನಮ್ಮ ಕಡೆಯದಾಗಿದ್ದರೆ ‘ತಡವಾಗಿದ್ದು ನಮ್ಮಿಂದ, ಕ್ಷಮಿಸಿ’ ಅಂತ ಬರೆಯುವುದರಿಂದ ಮರ್ಯಾದೆ ಹೋಗುವುದಿಲ್ಲ.

ಹಂತ 8: ಮೋಸ, ಮಾಹಿತಿ, ಜೋಪಾನ

ನೀವು ಹಾಕಿದ ಫೋಟೊಗಳನ್ನು ಕದ್ದು, ಅರ್ಧ ಬಾಡಿಗೆಗೆ ಅಂತ ಬೇರೆ ನಂಬರಿನಲ್ಲಿ ಹಾಕಿ, ‘ಮನೆ ನೋಡಲು ಪಾಸ್ ಬೇಕು, ಟೋಕನ್ ಕಳಿಸಿ’ ಅಂತ ಜನರನ್ನು ಮೋಸ ಮಾಡುವವರಿದ್ದಾರೆ. ಕಳೆದುಕೊಳ್ಳುವವರು ಹೆಚ್ಚಾಗಿ ಹೊಸದಾಗಿ ಊರಿಗೆ ಬಂದ ಹುಡುಗರು, ಹುಡುಗಿಯರು. ಪ್ರತಿ ಫೋಟೊದ ಮಧ್ಯದಲ್ಲಿ ತೆಳುವಾಗಿ ನಿಮ್ಮ ಆಫೀಸಿನ ಹೆಸರು, ನಂಬರ್ ಬರೆಯಿರಿ. ಮೂಲೆಯಲ್ಲಿ ಹಾಕಿದರೆ ಕತ್ತರಿಸಿಬಿಡುತ್ತಾರೆ. ‘ಮನೆ ಕಣ್ಣಾರೆ ನೋಡುವ ಮುಂಚೆ ನಾವು ಒಂದು ರೂಪಾಯಿಯನ್ನೂ ಕೇಳುವುದಿಲ್ಲ’ ಅನ್ನುವ ಪೋಸ್ಟನ್ನು ಪ್ರೊಫೈಲಿನ ಮೇಲೆ ಪಿನ್ ಮಾಡಿ.

ಮೋಸ ನಮ್ಮ ಕಡೆಗೂ ಬರುತ್ತದೆ. ಸೈನ್ಯದಲ್ಲಿದ್ದೇನೆ, ಬೆಂಗಳೂರಿಗೆ ವರ್ಗ ಆಗಿದೆ ಅಂತ ಸಮವಸ್ತ್ರದ ಫೋಟೊ, ಐಡಿ ಕಾರ್ಡ್ ಕಳಿಸುತ್ತಾರೆ. ಮನೆ ನೋಡದೆಯೇ ಒಪ್ಪುತ್ತಾರೆ. ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುತ್ತಾರೆ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಬೇಕಾಗಿಲ್ಲ. ಪಿನ್ ಹಾಕಿದರೆ ನಿಮ್ಮದೇ ದುಡ್ಡು ಹೋಗುತ್ತದೆ. ನಿಮ್ಮ ಮಾಲೀಕರಿಗೂ ಇದನ್ನು ಹೇಳಿಡಿ, ಮುಖ್ಯವಾಗಿ ವಯಸ್ಸಾದವರಿಗೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬಾಡಿಗೆದಾರರ ಆಧಾರ್, ಪ್ಯಾನ್, ಸಂಬಳದ ಚೀಟಿ ನಮ್ಮ ಫೋನಿನಲ್ಲಿರುತ್ತವೆ. ಆಧಾರ್ ಕೇಳುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾದ ಕಡೆ ಅದನ್ನೇ ಕೇಳಿ. ಗುಂಪಿಗೆ ತಪ್ಪಿಯೂ ಹಾಕಬೇಡಿ, ಕೆಲಸ ಮುಗಿದ ಮೇಲೆ ಚಾಟ್‌ನಿಂದ ಅಳಿಸಿ. ವೈಯಕ್ತಿಕ ಮಾಹಿತಿ ಕಾಪಾಡುವುದಕ್ಕೆ 2023ರಲ್ಲಿ ಕೇಂದ್ರ ಕಾಯ್ದೆಯೇ ಬಂದಿದೆ. ಇನ್ನೂ ಒಂದು: ಯಾರಾದರೂ ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಫೋಟೊ ನಿಮ್ಮ ಪೇಜಿಗೆ ತುಂಬ ಚೆನ್ನಾಗಿರುತ್ತದೆ, ನಿಜ. ಅವರು ಬಾಯಿಬಿಟ್ಟು ಹೂಂ ಅಂದರೆ ಮಾತ್ರ ಹಾಕಿ. ಸಿಸಿಟಿವಿ ದೃಶ್ಯವನ್ನು ಯಾವ ಕಾರಣಕ್ಕೂ ಹಾಕಬೇಡಿ.

ಹಂತ 9: ದೂರದ ಮಾಲೀಕರು

ಹೊರದೇಶದಲ್ಲಿರುವ ಮಾಲೀಕರಿಗೆ ಇರುವ ಭಯ ಒಂದೇ. ಮನೆಗೆ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಬಾಡಿಗೆ, ಖರ್ಚಿನ ಬಿಲ್ಲು, ಹೊರಗಿನ ಗೋಡೆ, ಟ್ಯಾಂಕು, ತಾರಸಿಯ ಚಿಕ್ಕ ವಿಡಿಯೊ ಕಳಿಸಿ. ಮಳೆ ಶುರುವಾಗುವ ಮುಂಚೆ ತಾರಸಿಯ ನೀರು ಹೋಗುವ ಪೈಪ್ ಶುಚಿ ಮಾಡಿಸಿ, ಮುಂಚಿನ ಮತ್ತು ನಂತರದ ಫೋಟೊ ಕಳಿಸಿ. ಮನೆಯೊಳಗಿನ ವಿಡಿಯೊ ಬಾಡಿಗೆದಾರರನ್ನು ಕೇಳದೆ ತೆಗೆಯಬಾರದು, ಮಾಲೀಕರು ಎಷ್ಟು ಒತ್ತಾಯ ಮಾಡಿದರೂ.

ಯಾವ ಮನೆ, ಯಾರ ಮನೆ ಅಂತ ತೋರಿಸದೆ ಇದೇ ಕೆಲಸಗಳನ್ನು ಯೂಟ್ಯೂಬ್‌ನಲ್ಲಿ ಕನ್ನಡದಲ್ಲಿ ವಿವರಿಸಿ: ಸಂಪ್ ಹೇಗೆ ತೊಳೆಸುತ್ತೀರಿ, ಲಿಫ್ಟ್ ಎಎಂಸಿಯಲ್ಲಿ (ವರ್ಷದ ನಿರ್ವಹಣೆ ಒಪ್ಪಂದದಲ್ಲಿ) ಏನೇನು ಬರುತ್ತದೆ, ಬಾಡಿಗೆದಾರರು ಬಿಟ್ಟಾಗ ಏನೇನು ಪರೀಕ್ಷೆ ಮಾಡುತ್ತೀರಿ. ಊರಿನಲ್ಲಿ ಮನೆಯಿಟ್ಟು ದೂರ ಇರುವ ಕನ್ನಡಿಗರು ಇಂಥದ್ದನ್ನು ಕೂತು ಪೂರ್ತಿ ನೋಡುತ್ತಾರೆ.

ಹಂತ 10: ಲೆಕ್ಕ ಇಡಿ, ಹೋದ ಮನೆಯನ್ನು ತೆಗೆಯಿರಿ

ಫಾಲೋವರ್ ಲೆಕ್ಕ ಬೇಡ. ಒಂದು ನೋಟ್‌ಬುಕ್ ಸಾಕು. ಪ್ರತಿ ಮನೆಗೆ ಎಷ್ಟು ವಿಚಾರಣೆ ಬಂತು, ಎಷ್ಟು ಜನ ಬಂದು ನೋಡಿದರು, ಎಷ್ಟು ದಿನಕ್ಕೆ ಹೋಯಿತು, ಕೊನೆಗೆ ಬಂದವರು ಎಲ್ಲಿ ನೋಡಿ ಬಂದರು. ‘ನಮ್ಮ ಮನೆ ಎಲ್ಲಿ ನೋಡಿದ್ರಿ?’ ಅಂತ ಪ್ರತಿಯೊಬ್ಬರನ್ನೂ ಕೇಳಿ. ವಿಚಾರಣೆ ರಾಶಿ, ನೋಡಲು ಬಂದವರು ಇಲ್ಲ ಅಂದರೆ ಪೋಸ್ಟಿನಲ್ಲಿ ಏನೋ ಬಿಟ್ಟಿದ್ದೀರಿ. ನೋಡಿದವರು ಬೇಕಾದಷ್ಟು, ಒಪ್ಪಿದವರು ಇಲ್ಲ ಅಂದರೆ ಫೋಟೊಗೂ ಮನೆಗೂ ಹೊಂದುತ್ತಿಲ್ಲ, ಅಥವಾ ಬಾಡಿಗೆ ಜಾಸ್ತಿ ಆಗಿದೆ. ಯಾರೂ ಕೇಳುತ್ತಲೇ ಇಲ್ಲ ಅಂದರೆ ಮೊದಲ ಫೋಟೊ ಬದಲಿಸಿ ನೋಡಿ.

ಟೋಕನ್ ಬಂದ ದಿನವೇ ಪೋಸ್ಟಿನ ಮೇಲೆ ‘ಬಾಡಿಗೆಗೆ ಹೋಗಿದೆ’ ಅಂತ ಬರೆಯಿರಿ. ವಾಟ್ಸಾಪ್ ಕ್ಯಾಟಲಾಗ್, ಫೇಸ್‌ಬುಕ್ ಗುಂಪುಗಳು, ಇನ್‌ಸ್ಟಾಗ್ರಾಂ ಎಲ್ಲ ಕಡೆ. ಲೇಬಲ್ ನೋಡಿ, ಆ ಮನೆ ಕೇಳಿದ್ದ ಉಳಿದವರಿಗೆ ‘ಅದು ಹೋಯಿತು, ನಿಮ್ಮ ಬಜೆಟ್ಟಿಗೆ ಬೇರೆ ಬಂದರೆ ತಿಳಿಸಲೇ?’ ಅಂತ ಒಂದು ಮೆಸೇಜ್ ಹಾಕಿ. ಹೂಂ ಅಂದವರ ಹೆಸರಿಗೆ ಏರಿಯಾ ಮತ್ತು ಬಜೆಟ್ ಬರೆದಿಟ್ಟುಕೊಳ್ಳಿ. ಮುಂದಿನ ನೋಟಿಸ್ ಬಂದಾಗ ಮೊದಲ ಫೋನ್ ಅವರಿಗೆ ಹೋಗಲಿ.